ಲಿಸ್ಬನ್ನಲ್ಲಿ ಮೊದಲ್ನೇ ದಿನ, ಮತ್ತೆ ನಮ್ಮನೆ ಕಾಳುಮೆಣಸು

ಸಾಗರಕ್ಕೆ ವಾಪಸ್ ಬಂದು ಹದಿನೈದು ದಿನ ಆಯ್ತು. ಮನೆಗೆ ಬಂದೋರೆಲ್ಲ ಕೇಳೋದು ಒಂದೇ, ಪೋರ್ಚುಗಲ್ಲಲ್ಲಿ ಏನೇನ್ ನೋಡ್ಕಂಡ್ ಬಂದೆ ಅಂತ. ಏಳು ದಿನ ಇದ್ದೆ, ಆದ್ರೆ ಹೇಳಕ್ಕೆ ಕೂತ್ರೆ ಮಾತು ಹೋಗಿ ನಿಲ್ಲೋದು ಮೊದಲ್ನೇ ದಿನದ ಹತ್ರನೇ. ಅವತ್ತು ತಮ್ಮಂಗೆ ರಜೆ ಇರ್ಲಿಲ್ಲ, "ಅಕ್ಕ, ಟ್ರಾಮ್ ಹತ್ತು, ನಡೀಬೇಡ, ಊರ್ ಪೂರ್ತಿ ಏರು ಇಳಿಜಾರು" ಅಂತ ಹೇಳಿ ಚಾವಿ ಕೊಟ್ಟು ಆಫೀಸಿಗೆ ಹೋದ. ನಾನು ನಡೆದೇ ಹೊರಟೆ. ಒಂದೂರನ್ನ ಕಾಲಲ್ಲಿ ತುಳೀದೆ ಇದ್ರೆ ನಂಗೆ ಅದನ್ನ ನೋಡ್ದಂಗೇ ಅನ್ಸಲ್ಲ.

ಅವನ ಮನೆ ಇರೋದು ಗ್ರಾಸಾ ಅನ್ನೋ ಗುಡ್ಡದ ಮೇಲೆ. ಅಲ್ಲಿಂದ ಅಲ್ಫಾಮಾದ ಓಣಿಗಳಲ್ಲಿ ಇಳೀತಾ ಹೋದ್ರೆ ಕೆಳಗೆ ತೇಜು ನದಿ. ರಾತ್ರಿ ಮಳೆ ಬಂದು ನಿಂತಿತ್ತು. ಅಲ್ಲಿ ಫುಟ್‌ಪಾತಿಗೆ ಸಿಮೆಂಟ್ ಹಾಕಲ್ಲ, ಮುಷ್ಟಿಯಷ್ಟು ದಪ್ಪದ ಬಿಳಿ ಸುಣ್ಣದ ಕಲ್ಲು, ನಡುನಡುವೆ ಕಪ್ಪು ಕಲ್ಲು, ಒಂದೊಂದನ್ನೂ ಕೈಯಲ್ಲಿ ಕೂರಿಸಿ ಸುತ್ತಿಗೆಯಲ್ಲಿ ಬಡಿದು ಹಾಸಿರ್ತಾರೆ, ಅದಕ್ಕೆ ಕಲ್ಸಾಡಾ ಅಂತಾರೆ. ಜನ ಓಡಾಡಿ ಓಡಾಡಿ ಸವೆದು ನುಣ್ಣಗಾಗಿರುತ್ತೆ, ಮೇಲೆ ನೀರು ಬಿದ್ರೆ ಆಷಾಢದಲ್ಲಿ ಹಾವಸೆ ಕಟ್ಟಿದ ನಮ್ಮ ಅಂಗಳನೇ. ನಮ್ಮಲ್ಲಾದ್ರೆ ಅಡಿಕೆ ದಬ್ಬೆ ಹಾಸಿರ್ತೀವಿ, ಅದ್ರ ಮೇಲೆ ಕಾಲಿಟ್ಟು ಕೊಟ್ಟಿಗೆಗೆ ಹೋಗ್ತೀವಿ, ಅಲ್ಲಿ ದಬ್ಬೆ ಎಲ್ಲಿಂದ ಬರ್ಬೇಕು. ನನ್ನ ಮುಂದೆ ಒಬ್ರು ಅಜ್ಜಿ ಕೈಯಲ್ಲಿ ಚೀಲ ಹಿಡ್ಕಂಡು, ಇನ್ನೊಂದು ಕೈ ಗೋಡೆಗೆ ಕೊಟ್ಟು, ಪಾದ ಅಡ್ಡಡ್ಡ ಇಟ್ಟು ಇಳೀತಾ ಇದ್ರು. ಥೇಟ್ ನಮ್ಮಜ್ಜಿ ತೋಟದ ಉಬ್ಬು ಇಳೀತಿದ್ದ ಹಾಗೆ. ನಾನೂ ಹಂಗೇ ಇಳಿದೆ, ಒಂದು ಸಲನೂ ಜಾರ್ಲಿಲ್ಲ.

ಓಣಿ ಮುಗಿಯೋ ಹತ್ರ ಒಂದು ತರಕಾರಿ ಅಂಗಡಿ. ಅಲ್ಲಿ ನಿಂತು ಹಣ್ಣು ನೋಡ್ತಾ ಇದ್ದಾಗ ಅಂಗಡಿಯವ್ರು ಯಾರಿಗೋ "ಬತಾತ" ಅಂದ್ರು, ಆಮೇಲೆ "ಅನನಾಶ್" ಅಂದ್ರು. ಮೈ ಜುಂ ಅಂತು ನೋಡಿ. ಬಟಾಟೆ, ಅನಾನಸು ಎರಡೂ ಈ ಪೋರ್ಚುಗೀಸರ ಜೊತೆಗೇ ಹಡಗಲ್ಲಿ ನಮ್ಮ ಕರಾವಳಿಗೆ ಬಂದು ಘಟ್ಟ ಹತ್ತಿದ ಮಾತು. ನನ್ನ ಜೇಬಲ್ಲಿದ್ದ ಚಾವಿನೂ ಅವ್ರದ್ದೇ, ಪಗಾರನೂ ಅವ್ರದ್ದೇ. ಭಾಷೆ ಬರದ ಊರಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಾಲ್ಕು ಪದ ನನ್ನವೇ ಸಿಕ್ಕಿದ್ವು.

ನದಿ ದಂಡೆಗೆ ಬಂದ್ರೆ ದೊಡ್ಡ ಚೌಕ, ಪ್ರಾಸಾ ದು ಕೊಮೆರ್ಸಿಯು. ಹಿಂದೆ ಇಲ್ಲಿ ಅರಮನೆ ಇತ್ತು, ಪಕ್ಕದಲ್ಲೇ ಪೂರ್ವ ದೇಶಗಳ ವ್ಯಾಪಾರ ನೋಡ್ಕಳೋ ಕಾಸಾ ದ ಇಂಡಿಯಾ, ಅಂದ್ರೆ ಇಂಡಿಯಾ ಮನೆ. 1755ರ ನವೆಂಬರ್ 1ಕ್ಕೆ ಭೂಕಂಪ, ಹಿಂದೇನೇ ಸುನಾಮಿ, ಆಮೇಲೆ ಬೆಂಕಿ, ಎಲ್ಲಾ ಹೋಯ್ತು. ಈಗ ಹಳದಿ ಕಟ್ಟಡ, ಕುದುರೆ ಮೇಲೆ ರಾಜ, ಫೋಟೋ ಹೊಡ್ಕಳೋರು. ಅಲ್ಲಿಂದ ನದಿ ಬಲಗಡೆ ದಂಡೆ ಹಿಡಿದು ಬೆಲೆಂ ಕಡೆ ಹೊರಟೆ, ಆರೇಳು ಕಿಲೋಮೀಟರ್, ಹೆಚ್ಚು ಹೇಳೋ ಅಂತ ದಾರಿ ಏನಲ್ಲ, ಗಾಳಿ ಮಾತ್ರ ಚೆನ್ನಾಗಿತ್ತು.

ನಾನು ಹೋಗಿದ್ದೇ ಬೆಲೆಂ ನೋಡಕ್ಕೆ. 1497ರಲ್ಲಿ ವಾಸ್ಕೊ ಡ ಗಾಮ ನಾಲ್ಕು ಹಡಗು ಕಟ್ಕಂಡು ಹೊರಟಿದ್ದು ಇಲ್ಲಿಂದ. ಅಲ್ಲೇ ಜೆರೋನಿಮುಶ್ ಮಠ ಇದೆ, 1501ರ ಆಸುಪಾಸು ಶುರು ಮಾಡಿ ಕಟ್ಟಿ ಮುಗಿಸಕ್ಕೆ ಹತ್ತಿರ ಹತ್ತಿರ ನೂರು ವರ್ಷ ಹಿಡೀತು. ದುಡ್ಡು ಎಲ್ಲಿಂದ? ಆಫ್ರಿಕಾ ಮತ್ತೆ ಪೂರ್ವದಿಂದ ಬರೋ ಸಾಮಾನಿನ ಮೇಲೆ ಸುಮಾರು 5% ತೆರಿಗೆ. ಅದಕ್ಕೆ ಅವ್ರು ಇಟ್ಟ ಹೆಸರೇ ವಿಂಟೆನಾ ದ ಪಿಮೆಂಟಾ, ಮೆಣಸಿನ ಇಪ್ಪತ್ತನೇ ಪಾಲು.

ಚರ್ಚ್ ಒಳಗೆ ಕಾಲಿಟ್ಟು ತಲೆ ಎತ್ತಿದ್ನಲ್ಲ, ಅಲ್ಲೇ ನಿಂತ್ಬಿಟ್ಟೆ. ಕಂಬಗಳು ಅಡಿಕೆ ಮರದ ಥರ ತೆಳ್ಳಗೆ ಸೀದಾ ಮೇಲೆ ಹೋಗಿ, ತುದಿಯಲ್ಲಿ ಸೋಗೆ ಬಿಚ್ಚಿದಂಗೆ ಚಾವಣಿಗೆ ಹರಡ್ಕಂಡಿದಾವೆ. ಕಂಬದ ಮೈ ತುಂಬ ಕೆತ್ತನೆ, ಬುಡದಿಂದ ಹಬ್ಬಿದ ಬಳ್ಳಿ ಥರ. ಅಪ್ಪನ ತೋಟದಲ್ಲಿ ಬೆಳಗ್ಗೆ ಹೊತ್ತು ಮೆಣಸಿನ ಬಳ್ಳಿ ಕೆಳಗೆ ನಿಂತಂಗೇ ಆಯ್ತು, ಬೆಳಕೂ ಹಂಗೇ ಸಂದಿಯಿಂದ ಬೀಳ್ತಿತ್ತು. ಬಾಗಿಲ ಹತ್ರ ಗಾಮನ ಸಮಾಧಿ, ಕಲ್ಲಲ್ಲಿ ಮಲಗಿ ಕೈ ಮುಗ್ದಿದಾನೆ, ಪಕ್ಕಕ್ಕೆ ಹಡಗು ಕೆತ್ತಿದಾರೆ. ಹಗ್ಗ, ಹಡಗು, ಗೋಳ ಎಲ್ಲಾ ಇದೆ. ಮೆಣಸು ಕೊಯ್ದೋರದ್ದು, ಏಣಿ ಹತ್ತಿದೋರದ್ದು ಒಂದು ಗುರುತೂ ನನ್ನ ಕಣ್ಣಿಗೆ ಬೀಳ್ಲಿಲ್ಲ. ಅಷ್ಟು ಚೆಂದ ಇರೋದನ್ನ ನೋಡಿ ಖುಷಿ ಆಗ್ತಿತ್ತು, ಹೊಟ್ಟೇಲಿ ಸಂಕಟನೂ ಆಗ್ತಿತ್ತು, ಎರಡೂ ಒಟ್ಟಿಗೆ.

ಹೊರಗೆ ಕಟ್ಟೆ ಮೇಲೆ ಕೂತು ಅಪ್ಪಂಗೆ ಫೋನ್ ಮಾಡ್ದೆ. ಅಲ್ಲಿ ಮಧ್ಯಾಹ್ನ ಎರಡು, ಇಲ್ಲಿ ರಾತ್ರಿ ಏಳೂವರೆ, ಅಡಿಕೆ ಸುಲಿಯೋ ಹೊತ್ತು, ಮೆಟ್ಟುಗತ್ತಿ ಶಬ್ದ ಫೋನಲ್ಲೇ ಕೇಳ್ತಿತ್ತು. ವಿಷಯ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಅಂದ್ರೆ ಚೆನ್ನಭೈರಾದೇವಿ ಕಳ್ಸಿದ್ದೂ ಅಲ್ಲಿಗೇ ಮುಟ್ಟಿದ್ದು ಅನ್ನು" ಅಂದ್ರು. ಗೇರುಸೊಪ್ಪೆಯ ರಾಣಿ, ಪೋರ್ಚುಗೀಸರು ಅವಳನ್ನ ರೈನ್ಯಾ ದ ಪಿಮೆಂಟಾ, ಮೆಣಸಿನ ರಾಣಿ ಅಂತಿದ್ರು. ಅವ್ರ ಜೊತೆ ವ್ಯಾಪಾರನೂ ಮಾಡಿದ್ಲು, ಜಗಳನೂ ಆಡಿದ್ಲು. ಕೊನೆಗೆ ಕೆಳದಿ ನಾಯಕರು ಸೋಲಿಸಿ ನಮ್ಮ ಇಕ್ಕೇರಿಯಲ್ಲೇ ಸೆರೆ ಇಟ್ರು ಅಂತ ಹೇಳ್ತಾರೆ. ಮಠಕ್ಕೆ ದುಡ್ಡಾದ ಮೆಣಸು ಜಾಸ್ತಿ ಮಲಬಾರಿನದ್ದೇ ಇರ್ಬೇಕು, ಆದ್ರೆ ನಮ್ಮ ಘಟ್ಟದ ಕಾಳೂ ಅದೇ ಸಮುದ್ರ ದಾಟಿತ್ತು. ಇಕ್ಕೇರಿ ದೇವಸ್ಥಾನಕ್ಕೆ ಎಷ್ಟು ಸಲ ಹೋಗಿದೀನಿ, ಒಂದು ಸಲನೂ ಅವಳನ್ನ ನೆನೆಸ್ಕಂಡಿರ್ಲಿಲ್ಲ.

ಫೋನ್ ಇಡೋಕೆ ಮುಂಚೆ ಅಪ್ಪ ಕೇಳಿದ್ದು, "ಅಲ್ಲಿ ಮೆಣಸು ಕೆಜಿಗೆ ಹೆಂಗೆ ಮಗಾ?"

ವಾಪಸ್ ಬರ್ತಾ ಟ್ರಾಮ್ ಹತ್ತಿದೆ, ಇಳಿದು ಅಂಗಡಿಗೆ ಹೋದೆ. 40 ಗ್ರಾಂ ಬಾಟಲಿಗೆ 2 ಯೂರೋ ಮೇಲೆ, ಲೆಕ್ಕ ಹಾಕಿದ್ರೆ ಕೆಜಿಗೆ ಐದು ಸಾವಿರ ರೂಪಾಯಿ ಹತ್ರ. ಹಿಂದೆ ಸಣ್ಣಕ್ಷರದಲ್ಲಿ ವಿಯೆಟ್ನಾಂ ಅಂತಿತ್ತು. ಒಂದು ಬಾಟಲಿ ತಗಂಡು ಬ್ಯಾಗಿಗೆ ಹಾಕ್ಕಂಡೆ, ಊರಿಗೆ ತಂದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ನಾಲ್ಕು ಕಾಳು ಅಂಗೈಗೆ ಸುರ್ಕಂಡು, ಬೆಳಕಿಗೆ ಹಿಡಿದು ನೋಡಿ, ಒಂದನ್ನ ಹಲ್ಲಲ್ಲಿ ಕಡಿದ್ರು. "ಖಾರ ಇದೆ, ಘಮ ಸಾಲ್ದು" ಅಂದ್ರು, ಉಳಿದ ಮೂರು ಕಾಳನ್ನ ಜೋಪಾನವಾಗಿ ಬಾಟಲಿಗೇ ವಾಪಸ್ ಹಾಕಿದ್ರು.