ಡೀಸೆಲ್ ಪಂಪ್ ಬದಲಿಸುವ ಮುನ್ನ

ಏರಿನಲ್ಲಿ ಲಾರಿ ಎಳೆಯುತ್ತಿಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ ಎಂದ ಕೂಡಲೇ ಪಂಪ್ ಬಿಚ್ಚಬೇಡಿ. ಮೊದಲು ಫಿಲ್ಟರ್ ನೋಡಿ. ಆಮೇಲೆ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿಗೆ ಒಂದು ತುಂಡು ಪಾರದರ್ಶಕ ಹೋಸ್ ಜೋಡಿಸಿ ಎಂಜಿನ್ ಓಡಿಸಿ. ಗುಳ್ಳೆಗಳು ಬರುತ್ತಲೇ ಇದ್ದರೆ ಸಡಿಲ ಕ್ಲಿಪ್ಪೋ ಬಿರುಕುಬಿಟ್ಟ ಹೋಸೋ ಗಾಳಿ ಎಳೆಯುತ್ತಿದೆ. ಅದನ್ನೇ ಮೊದಲು ಸರಿಪಡಿಸಿ.

ಟ್ಯಾಂಕಿನಿಂದ ಡೀಸೆಲ್ ಎಳೆದು ಕಳಿಸುವ ಫೀಡ್ ಪಂಪ್ ಎಲೆಕ್ಟ್ರಿಕ್ ಆಗಿದ್ದರೆ ಅದು ಓಡುತ್ತಿರುವಾಗಲೇ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ 1 ವೋಲ್ಟ್‌ಗೂ ಮೀರಿ ಇಳಿದಿದ್ದರೆ ರಿಲೇ, ವೈರಿಂಗ್, ಅರ್ಥ್ ಪರೀಕ್ಷಿಸಿ. ವೋಲ್ಟೇಜ್ ಸರಿಯಿದ್ದೂ ಗೇಜಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಒತ್ತಡ ಬಾರದಿದ್ದರೆ ಪಂಪ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ, ಅಂದರೆ ಡೀಸೆಲ್ ಸಿಂಪಡಿಸುವ ನಳಿಕೆಗಳಿಗೂ, 'ರೈಲ್' ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಓಡುತ್ತಿರುವಾಗ ಹೈ ಪ್ರೆಶರ್ ಪೈಪನ್ನು ಮಾತ್ರ ಸಡಿಲಿಸಲೇಬೇಡಿ. 1,000 ಬಾರ್ ಮೀರಿದ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಪಂಪ್ ಬದಲಿಸಲೇಬೇಕಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಪಂಪಿನ ಸುತ್ತಲ ಮಣ್ಣು ಒರೆಸಿ, ಬಿಚ್ಚಿದ ಪೈಪುಗಳ ಬಾಯಿಗೆಲ್ಲ ಕ್ಯಾಪ್ ಹಾಕಿ. ತಾಮ್ರದ ವಾಷರ್ ಹೊಸದೇ ಇರಲಿ. ಹೊಸ ಪಂಪ್ ಕೂರಿಸಿದ ಮೇಲೆ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಚಿಕ್ಕ ಪಂಪ್) ಕೈಗೆ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಿರಿ. ಹೈ ಪ್ರೆಶರ್ ಪಂಪಿಗೆ ಡೀಸೆಲ್ಲೇ ಲೂಬ್ರಿಕೇಶನ್, ಒಣಗಿದ್ದಾಗ ಸೆಲ್ಫ್ ಹೊಡೆಯುತ್ತಲೇ ಇದ್ದರೆ ಸವೆಯುತ್ತದೆ.

ಹಳೆ ಫಿಲ್ಟರ್ ಕೊಯ್ದು ನೋಡಿ. ಮಡಿಕೆಗಳಲ್ಲಿ ಲೋಹದ ಪುಡಿ ಮಿನುಗಿದರೆ ಟ್ಯಾಂಕ್, ಪೈಪ್, ರೈಲ್ ತೊಳೆಯದೆ, ಇಂಜೆಕ್ಟರ್ ಪರೀಕ್ಷಿಸದೆ ಹೊಸ ಪಂಪ್ ಓಡಿಸಬೇಡಿ.