ರುಜು ಇರುವ ಪುಸ್ತಕಕ್ಕೆ ಎಷ್ಟು ಬೆಲೆ ಬರುತ್ತದೆ?

ಮೈಸೂರಿನಲ್ಲಿ ಹಳೆಯ ಪುಸ್ತಕಗಳನ್ನು ಸಂಗ್ರಹಿಸುವವನೆಂದು ಗುರುತಾದ ಮೇಲೆ, ಮದುವೆಯ ಮನೆಯಲ್ಲಾಗಲಿ ಸಾಹಿತ್ಯದ ಸಭೆಯಲ್ಲಾಗಲಿ ಯಾರಾದರೊಬ್ಬರು ಹತ್ತಿರ ಬಂದು ಕೇಳುವ ಪ್ರಶ್ನೆ ಒಂದೇ: "ನಮ್ಮ ತಂದೆಯವರ ಪುಸ್ತಕಗಳಲ್ಲಿ ಕುವೆಂಪು ಅವರು ರುಜು ಹಾಕಿಕೊಟ್ಟ ಪ್ರತಿಯೊಂದಿದೆ, ಅದಕ್ಕೆ ಈಗ ಎಷ್ಟು ಬೆಲೆ ಬರಬಹುದು?" 2025ರ ಸೆಪ್ಟೆಂಬರಿನಲ್ಲಿ ಎಸ್. ಎಲ್. ಭೈರಪ್ಪನವರು ತೀರಿಕೊಂಡ ಮೇಲೆ ಅವರ ಪುಸ್ತಕಗಳನ್ನು ಕುರಿತು ಹೀಗೆ ಕೇಳುವವರೂ ಹೆಚ್ಚಾಗಿದ್ದಾರೆ. ಇಂಥವರಿಗೆ ನಾನು ಮೊದಲು ಹೇಳುವ ಮಾತು, ಬರಿಯ ರುಜುವಿಗಿಂತ ಅದರ ಮೇಲೆ ಬರೆದಿರುವ, ಪ್ರತಿಯನ್ನು ಪಡೆದವರ ಹೆಸರಿಗೂ ಕೆಳಗೆ ಹಾಕಿರುವ ತಾರೀಖಿಗೂ ಬೆಲೆ ಹೆಚ್ಚು ಎಂಬುದು. ಆದ್ದರಿಂದ ಆ ಪುಟವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಇಂಗ್ಲಿಷ್ ಪುಸ್ತಕಗಳ ಲೋಕದಲ್ಲಿ ಈ ಮಾತು ಪೂರ್ತಿಯಾಗಿ ಸಲ್ಲುವುದಿಲ್ಲ. ನಮ್ಮ ಯಾದವಗಿರಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದ ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಮೊದಲ ಮುದ್ರಣದ ಪ್ರತಿಯನ್ನು ಕೊಳ್ಳಲು ಕಾದಿರುವವರು ಹಲವು ದೇಶಗಳಲ್ಲಿ ಇದ್ದಾರೆ, ಅಂಥ ಪುಸ್ತಕಗಳಿಗೆ ವ್ಯಾಪಾರಿಗಳ ಪಟ್ಟಿಗಳಿವೆ, ಹರಾಜುಗಳಿವೆ. ಆ ಮಾರುಕಟ್ಟೆಯಲ್ಲಿ ಪುಸ್ತಕದ ಮೇಲಿನ ಕಾಗದದ ಹೊದಿಕೆ ಉಳಿದಿದೆಯೇ ಎಂಬುದೇ ಬೆಲೆಯ ದೊಡ್ಡ ಭಾಗವನ್ನು ನಿರ್ಧರಿಸುತ್ತದೆ, ಅಪರಿಚಿತರೊಬ್ಬರ ಹೆಸರು ಬರೆದ ಪ್ರತಿಗಿಂತ ಬರಿಯ ರುಜು ಇರುವ ಪ್ರತಿಯನ್ನೇ ಮೆಚ್ಚುವವರು ಬಹಳ. ಆದರೆ ಮೈಸೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಾರಾಯಣ್ ಅವರೇ 1942ರಲ್ಲಿ ಇಲ್ಲಿ ಆರಂಭಿಸಿದ 'ಇಂಡಿಯನ್ ಥಾಟ್' ಪ್ರಕಾಶನದ ಮರುಮುದ್ರಣಗಳು. ಲಂಡನ್ನಿನ ಮೊದಲ ಮುದ್ರಣದ ಬೆಲೆಯನ್ನು ಎಲ್ಲಿಯೋ ಓದಿ, ಅದನ್ನೇ ತಮ್ಮ ಮನೆಯ ಪ್ರತಿಗೂ ಅನ್ವಯಿಸಿಕೊಳ್ಳುವುದು ಸರಿಯಲ್ಲ.

ಕನ್ನಡ ಪುಸ್ತಕಗಳಿಗೆ ಅಂಥ ಪಟ್ಟಿಯೂ ಇಲ್ಲ, ಹರಾಜಿನ ಸಂಪ್ರದಾಯವೂ ಬೆಳೆದಿಲ್ಲ. ಬೆಲೆ ಎಂಬುದು ಕೊಡುವವರು ಮತ್ತು ಕೊಳ್ಳುವವರು ಎದುರುಬದುರು ಕುಳಿತು ಒಪ್ಪುವ ಮೊತ್ತವಷ್ಟೆ. ಹಾಗೆಂದು ಅದಕ್ಕೆ ಲೆಕ್ಕಾಚಾರವೇ ಇಲ್ಲವೆಂದಲ್ಲ. ನಾನು ಮೊದಲು ನೋಡುವುದು ಶೀರ್ಷಿಕೆ ಪುಟದ ಹಿಂಬದಿಯನ್ನು. ಎಷ್ಟನೆಯ ಮುದ್ರಣ, ಯಾವ ವರ್ಷ, ಎಷ್ಟು ಪ್ರತಿಗಳು, ಯಾವ ಕಾಗದ, ಯಾವ ಮುದ್ರಣಾಲಯ ಎಂಬುದನ್ನೆಲ್ಲ ಅಲ್ಲಿ ಅಚ್ಚು ಹಾಕುವ ಒಳ್ಳೆಯ ಪದ್ಧತಿ ಕನ್ನಡ ಪ್ರಕಾಶಕರಲ್ಲಿದೆ. 'ಪ್ರತಿಗಳು: 1000' ಎಂಬ ಆ ಒಂದು ಸಾಲು ಸಂಗ್ರಾಹಕನಿಗೆ ದೊಡ್ಡ ಉಪಕಾರ. ರುಜು ಇಲ್ಲದೆಯೇ ಆ ಮುದ್ರಣದ ಪ್ರತಿ ಸುಲಭವಾಗಿ ಸಿಗುತ್ತದೆಯೇ ಎಂಬುದನ್ನು ಮೊದಲು ತಿಳಿದುಕೊಂಡರೆ, ರುಜು ಅದಕ್ಕೆ ಎಷ್ಟನ್ನು ಕೂಡಿಸೀತು ಎಂಬುದನ್ನು ಆಮೇಲೆ ಯೋಚಿಸಬಹುದು.

ಭೈರಪ್ಪನವರ ಉದಾಹರಣೆ ಇಲ್ಲಿ ಸ್ಪಷ್ಟವಾಗಿದೆ. ಅವರು ದಶಕಗಳ ಕಾಲ ಮೈಸೂರಿನಲ್ಲಿಯೇ ನೆಲೆಸಿದ್ದವರು, ಅವರ ಕಾದಂಬರಿಗಳು ಮತ್ತೆ ಮತ್ತೆ ಅಚ್ಚಾಗುತ್ತಲೇ ಬಂದಿವೆ. ಇಂದಿಗೂ ಅಂಗಡಿಯಲ್ಲಿ ಸಿಗುವ ಮರುಮುದ್ರಣದ ಮೇಲೆ ಅವರ ರುಜು ಇದ್ದರೆ ಅದು ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಪ್ರೀತಿಯ ವಸ್ತು, ನಿಜ. ಆದರೆ ಅಚ್ಚಿನ ಬೆಲೆಯ ಮೇಲೆ ಬಹಳ ದೊಡ್ಡ ಮೊತ್ತವನ್ನು ನಿರೀಕ್ಷಿಸುವುದು ಕಷ್ಟ. 'ವಂಶವೃಕ್ಷ' ಮೊದಲು ಪ್ರಕಟವಾದದ್ದು 1965ರಲ್ಲಿ. ಆ ಮೊದಲ ಮುದ್ರಣದ ಪ್ರತಿಯನ್ನು, ಅದು ಹೊರಬಂದ ಆಸುಪಾಸಿನಲ್ಲಿಯೇ, ಸಹೋದ್ಯೋಗಿಯೊಬ್ಬರಿಗೆ ಹೆಸರು ಬರೆದು ಕೊಟ್ಟಿದ್ದರೆ ಅದರ ಸ್ಥಾನವೇ ಬೇರೆ. ಮುಂದೆ ತನಗೆ ಬರಲಿರುವ ಹೆಸರು ಇನ್ನೂ ಬಂದಿರದ ಲೇಖಕನೊಬ್ಬ, ಆಗ ತನ್ನನ್ನು ಓದುತ್ತಿದ್ದ ಕೆಲವರಲ್ಲಿ ಒಬ್ಬರಿಗೆ ಕೊಟ್ಟ ಪ್ರತಿ ಅದು.

ಹೆಸರು ಬರೆದಿರುವ ಪುಟವನ್ನು ಕೆಲವರು ದೋಷವೆಂದು ಭಾವಿಸುವುದೇ ನನಗೆ ಅತ್ಯಂತ ನೋವಿನ ಸಂಗತಿ. ಸರಸ್ವತಿಪುರಂನ ಮನೆಯೊಂದರಲ್ಲಿ ನಾನು ನೋಡಿದ ಪ್ರತಿಯೊಂದರಲ್ಲಿ, ಮೇಲ್ಭಾಗದಲ್ಲಿದ್ದ ಹೆಸರನ್ನು ಬ್ಲೇಡಿನಿಂದ ಕೆರೆದು, ಕೆಳಗಿನ ರುಜುವನ್ನು ಮಾತ್ರ ಉಳಿಸಿದ್ದರು. ಮಾರುವಾಗ 'ಯಾರದೋ ಹೆಸರು' ಇರಬಾರದೆಂದು ಯಾರೋ ಹೇಳಿಕೊಟ್ಟಿದ್ದರಂತೆ. ಕೆರೆದ ಜಾಗದಲ್ಲಿ ಕಾಗದ ತೆಳುವಾಗಿ ಬೆಳಕು ಹಾಯುತ್ತಿತ್ತು, ಅದರ ಅಂಚಿನಲ್ಲಿ 'ಚಿ||' ಎಂಬ ಅಕ್ಷರ ಮಾತ್ರ ಉಳಿದಿತ್ತು. ಆ ಒಂದು ಅಕ್ಷರದಿಂದ, ಪ್ರತಿಯನ್ನು ಪಡೆದವರು ಲೇಖಕರಿಗಿಂತ ಕಿರಿಯರು, ಬಹುಶಃ ಶಿಷ್ಯರು ಅಥವಾ ಆಪ್ತರ ಮಕ್ಕಳು ಎಂದು ಊಹಿಸಬಹುದು. ಅದರಾಚೆಗೆ ಯಾರೆಂದು ತಿಳಿಯುವ ದಾರಿಯನ್ನೇ ಆ ಬ್ಲೇಡು ಮುಚ್ಚಿಹಾಕಿತ್ತು. 'ಗುರುಗಳಿಗೆ ಭಕ್ತಿಪೂರ್ವಕ', 'ವಿಶ್ವಾಸದಿಂದ', 'ಆಶೀರ್ವಾದಗಳೊಂದಿಗೆ' ಎಂಬ ಒಂದೊಂದು ಒಕ್ಕಣೆಯೂ ಇಬ್ಬರ ನಡುವಿನ ಸಂಬಂಧವನ್ನು ಹೇಳುತ್ತದೆ. ಮಹಾರಾಜ ಕಾಲೇಜಿನ ಮೇಷ್ಟ್ರುಗಳ ಮತ್ತು ಶಿಷ್ಯರ ಸಂಬಂಧಗಳಿಂದಲೇ ಬೆಳೆದ ಸಾಹಿತ್ಯವೊಂದರ ಚರಿತ್ರೆಯಲ್ಲಿ ಇಂಥ ಪುಟಗಳು ದಾಖಲೆಗಳೆಂದೇ ನಾನು ತಿಳಿದಿದ್ದೇನೆ.

ಹೆಸರು ಮತ್ತು ತಾರೀಖು ಇದ್ದರೆ ರುಜು ಅಸಲಿಯೇ ಎಂದು ಪರೀಕ್ಷಿಸಲೂ ಅನುಕೂಲ. 'ಶ್ರೀ ರಾಮಾಯಣ ದರ್ಶನಂ' ಪ್ರಕಟವಾದದ್ದು 1949ರಲ್ಲಿ. ಕುವೆಂಪು ಅವರು ಅದನ್ನು ಅರ್ಪಿಸಿದ್ದು ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲಿಯೇ ತೀರಿಕೊಂಡಿದ್ದರು. ಹೀಗಿರುವಾಗ, ಗುರುಗಳ ಕೈಗೇ ಕೊಟ್ಟದ್ದೆಂದು ಹೇಳಿಕೊಂಡು ಆ ಮಹಾಕಾವ್ಯದ ಪ್ರತಿಯನ್ನು ಯಾರಾದರೂ ತಂದರೆ ಅದನ್ನು ತೆರೆದು ನೋಡುವ ಅಗತ್ಯವೂ ಇಲ್ಲ. ಅದೇ ರೀತಿ, ರುಜುವಿನ ಕೆಳಗಿನ ತಾರೀಖು ಆ ಪ್ರತಿ ಅಚ್ಚಾದ ವರ್ಷಕ್ಕಿಂತ ಹಿಂದಿನದಾಗಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಮರುಮುದ್ರಣದ ಪ್ರತಿಯನ್ನು ಮೊದಲ ಮುದ್ರಣವೆಂದು ನಂಬಿ ಹಳೆಯ ತಾರೀಖು ಹಾಕಿದ ರುಜುಗಳನ್ನು ಪತ್ತೆ ಹಚ್ಚಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಮಿಕ್ಕ ಪರೀಕ್ಷೆಗೆ ಒಂದು ಭೂತಗನ್ನಡಿ ಮತ್ತು ಕಿಟಕಿಯ ಬೆಳಕು ಸಾಕು. ಲೇಖಕರ ಭಾವಚಿತ್ರದ ಕೆಳಗೆ ಅವರ ರುಜುವನ್ನು ಅಚ್ಚು ಹಾಕುವುದು ಹಳೆಯ ರೂಢಿ, ಅದನ್ನು ಕೈಯಾರೆ ಹಾಕಿದ ರುಜುವೆಂದು ತಿಳಿದು ಸಂತೋಷಪಟ್ಟವರನ್ನು ನಾನು ಕಂಡಿದ್ದೇನೆ. ಅಚ್ಚಿನ ರುಜು ಎಲ್ಲ ಕಡೆಯೂ ಒಂದೇ ಗಾಢತೆಯಲ್ಲಿರುತ್ತದೆ, ಕೆಲವೊಮ್ಮೆ ಭೂತಗನ್ನಡಿಯಡಿಯಲ್ಲಿ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಶಾಯಿ ಪೆನ್ನಿನ ಬರಹದಲ್ಲಿ ಕೈ ತಡೆದ ಜಾಗದಲ್ಲಿ ಶಾಯಿ ಮಡುಗಟ್ಟಿರುತ್ತದೆ, ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಹಾದಲ್ಲಿ ಬಣ್ಣ ದಟ್ಟವಾಗುತ್ತದೆ, ಒರಟು ಕಾಗದವಾದರೆ ಎಳೆಗಳ ಗುಂಟ ಶಾಯಿ ಹರಡಿರುತ್ತದೆ. ಬಾಲ್ ಪೆನ್ನಾದರೆ ಪುಟದ ಹಿಂಬದಿಯನ್ನು ಓರೆ ಬೆಳಕಿಗೆ ಹಿಡಿದಾಗ ಒತ್ತಿದ ಗುರುತು ಬೆರಳಿಗೂ ಸಿಗುತ್ತದೆ. ಪುಸ್ತಕದೊಳಗೆ ಇನ್‌ಲ್ಯಾಂಡ್ ಪತ್ರವೋ ಸಮಾರಂಭದ ಆಹ್ವಾನ ಪತ್ರಿಕೆಯೋ ಸಿಕ್ಕಿದರೆ ಅದನ್ನು ಬೇರೆ ಮಾಡದೆ ಅದೇ ಪುಸ್ತಕದ ಜೊತೆಗೆ ಇಡಬೇಕು, ಏಕೆಂದರೆ ಆ ಪ್ರತಿ ಹೇಗೆ ಕೈಸೇರಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಬೆಲೆಯನ್ನು ಕಡಿಮೆ ಮಾಡುವುದರಲ್ಲಿ ಗೆದ್ದಲಿಗಿಂತ ನಮ್ಮ ಅಕ್ಕರೆಯೇ ಮುಂದಿದೆ. ರುಜು ಇರುವ ಪುಟಕ್ಕೆ ಲ್ಯಾಮಿನೇಷನ್ ಮಾಡಿಸುವುದು, ಹರಿದಲ್ಲಿ ಸೆಲ್ಲೋ ಟೇಪು ಅಂಟಿಸುವುದು, ಬೈಂಡಿಂಗ್ ಮಾಡಿಸುವಾಗ ಮುಖಪುಟವನ್ನು ಕಿತ್ತುಹಾಕಿ ಅಂಚುಗಳನ್ನು ಕತ್ತರಿಸಲು ಬಿಡುವುದು, ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ನಡೆಯುವ ಹಾನಿಗಳು. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಹಳದಿಗಟ್ಟಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ. ರುಜುವಿನ ಪುಟವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಬಿಸಿಲಿಗೆ ಶಾಯಿ ಮಾಸುತ್ತದೆ.

ಮಾರುವ ಮನಸ್ಸಿಲ್ಲದವರು, ಮುಂದೆ ಓದುವವರು ಮನೆಯಲ್ಲಿಲ್ಲವೆಂದು ಗ್ರಂಥಾಲಯಕ್ಕೆ ಕೊಡುವ ಯೋಚನೆ ಮಾಡುವುದುಂಟು. ಅದು ಒಳ್ಳೆಯ ಯೋಚನೆ. ಮಾನಸಗಂಗೋತ್ರಿಯಲ್ಲಿ ಕುವೆಂಪು ಅವರ ಹೆಸರಿನಲ್ಲಿಯೇ ಕನ್ನಡ ಅಧ್ಯಯನ ಸಂಸ್ಥೆಯಿದೆ, ವಿಶ್ವವಿದ್ಯಾನಿಲಯದ ಗ್ರಂಥಾಲಯವೂ ಇದೆ. ಎಲ್ಲಿಗೇ ಕೊಡುವುದಾದರೂ, ರುಜು ಇರುವ ಪುಟದ ಮೇಲೆ ಮೊಹರು ಒತ್ತುವುದಿಲ್ಲವೆಂದು, ಆ ಪ್ರತಿಯನ್ನು ಮನೆಗೆ ಎರವಲು ಕೊಡುವ ಸಾಲಿನಲ್ಲಿ ಸೇರಿಸುವುದಿಲ್ಲವೆಂದು ಮೊದಲೇ ಮಾತಾಡಿಕೊಂಡು, ಸಾಧ್ಯವಾದರೆ ಬರೆಸಿಕೊಂಡು ಕೊಡಿ. ಅದಕ್ಕೂ ಮುಂಚೆ ಮನೆಯ ಹಿರಿಯರನ್ನು ಕೂರಿಸಿಕೊಂಡು, ಪುಸ್ತಕದಲ್ಲಿರುವ ಹೆಸರಿನವರು ಯಾರು, ಲೇಖಕರಿಗೂ ಅವರಿಗೂ ಏನು ಒಡನಾಟ, ಯಾವ ಊರಿನಲ್ಲಿ ಯಾವ ಸಂದರ್ಭದಲ್ಲಿ ಕೊಟ್ಟದ್ದು ಎಂಬುದನ್ನು ಕೇಳಿ, ಬೇರೆಯೇ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಪುಸ್ತಕದ ಜೊತೆಗಿಡಿ.