ಸಿಸಿಯಲ್ಲಿ ಎಲ್ಲರೂ ಇದ್ದರು

ಆ ಮೇಲ್ ಈಗಲೂ ನನ್ನ ಸೆಂಟ್ ಫೋಲ್ಡರ್‌ನಲ್ಲಿದೆ. ‘ಗಂಡಸರ ಮೂರು ಸ್ಯಾಂಪಲ್ ಅದಲುಬದಲಾಗಿವೆ. ಲ್ಯಾಬ್‌ನವರು ಲೇಬಲ್ ಸರಿಯಾಗಿ ನೋಡಿಕೊಳ್ಳಲಿ.’ ಸಿಸಿಯಲ್ಲಿ ಇಡೀ ಗುಂಪು.

ಥೈರಾಯ್ಡ್ ಕ್ಯಾನ್ಸರ್ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು 3 ಪಟ್ಟು ಜಾಸ್ತಿ. ಆದರೆ ಗಂಡಸರಲ್ಲಿ ಸಿಕ್ಕುವ ಹೊತ್ತಿಗೆ ಅದು ಎಷ್ಟೋ ಸಲ ಹೆಚ್ಚು ಮುಂದುವರಿದಿರುತ್ತದೆ. ಗೆಡ್ಡೆಯ ಜೀನ್‌ಗಳಲ್ಲೇ ವ್ಯತ್ಯಾಸ ಇದೆಯಾ ಅಂತ ಹುಡುಕುವುದು ನಮ್ಮ ಪ್ರಾಜೆಕ್ಟ್. ಹೆಂಗಸರ ಸ್ಯಾಂಪಲ್‌ಗೆ ಬರವಿಲ್ಲ. ಗಂಡಸರದ್ದು ಒಂದೊಂದನ್ನೂ ಕಾಡಿಬೇಡಿ ತರಬೇಕು. ಅದರಲ್ಲಿ ಮೂರನ್ನು ನಾನು ಒಂದೇ ಸಂಜೆಯಲ್ಲಿ ಪಟ್ಟಿಯಿಂದ ತೆಗೆದು ಹಾಕಿದ್ದೆ.

ಕಾರಣ? ಗಂಡಸರಲ್ಲಿರುವ ವೈ ಕ್ರೋಮೋಸೋಮಿನ ಆರ್‌ಪಿಎಸ್4ವೈ1 ಜೀನಿನ ಕೌಂಟ್, ಅಂದರೆ ಅದು ಎಷ್ಟು ಚುರುಕಾಗಿದೆ ಅನ್ನುವ ಲೆಕ್ಕ, ನೆಲ ಕಚ್ಚಿತ್ತು. ಹಿಂದಿನವರು ಬಿಟ್ಟುಹೋದ ಕ್ಯೂಸಿ (ಗುಣಮಟ್ಟ ಪರೀಕ್ಷೆಯ) ಸ್ಕ್ರಿಪ್ಟ್ ನೋಡುತ್ತಿದ್ದದ್ದು ಅದೊಂದನ್ನೇ. ಬಾಸ್‌ಗೆ ಶುಕ್ರವಾರ ಸ್ಲೈಡ್ ಬೇಕಿತ್ತು.

ಮೀಟಿಂಗ್‌ನಲ್ಲಿ ಲ್ಯಾಬ್ ಮೇಡಂ ಕೂಗಾಡಲಿಲ್ಲ. “ಸರಿ, ಇವು ಹೆಂಗಸರದ್ದೇ ಅಂದುಕೊಳ್ಳೋಣ. ಎಕ್ಸಿಸ್ಟ್ ಜೀನಿನ ಕೌಂಟ್ ಎಷ್ಟಿದೆ?” ಅಂದರು.

ನಾನು ನೋಡಿರಲಿಲ್ಲ. ಎಲ್ಲರ ಎದುರು ಫೈಲ್ ತೆರೆಯಲು ಹೋದೆ, ಹಾಳಾದ ಸರ್ವರ್ ಆಗಲೇ ಕೈಕೊಟ್ಟಿತು. ಮತ್ತೆ ಲಾಗಿನ್. ಯಾರೋ ಪೆನ್ನು ಟಕಟಕ ಅನ್ನಿಸುತ್ತಿದ್ದರು. ಕೊನೆಗೆ ತೆರೆಯಿತು: 0, 0, 2. ಹೆಂಗಸರ ಸ್ಯಾಂಪಲ್‌ಗಳಲ್ಲಿ ಅದೇ ಸಾಲು ಸಾವಿರಗಳಲ್ಲಿತ್ತು. ಹೆಂಗಸರ ಎರಡು ಎಕ್ಸ್ ಕ್ರೋಮೋಸೋಮಿನಲ್ಲಿ ಒಂದನ್ನು ಸುಮ್ಮನಾಗಿಸುವುದೇ ಆ ಜೀನಿನ ಕೆಲಸ ಅಲ್ವಾ.

“ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಹಾಗಾದ್ರೆ ಯಾರದ್ದು?” ಹಿಂದಿನಿಂದ ಒಬ್ಬರು ಕೇಳಿದರು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಎಕ್ಸಿಸ್ಟ್ ಕೂಡ ಪೂರ್ತಿ ನಂಬಿಕಸ್ಥ ಅಲ್ಲ, ಹೆಂಗಸರ ಗೆಡ್ಡೆಗಳಲ್ಲೂ ಕೆಲವೊಮ್ಮೆ ಮಾಯವಾಗುತ್ತದೆ. ಹಾಗಾಗಿ ರೋಗಿಗಳ ರಕ್ತದ ಡಿಎನ್‌ಎ ಜೊತೆ ತಾಳೆ ನೋಡಿದೆವು. ಮೂರೂ ಹೊಂದಿದವು. ಲೇಬಲ್ ಸರಿಯಾಗಿಯೇ ಇತ್ತು. ಗೆಡ್ಡೆಯ ಜೀವಕೋಶಗಳೇ ವೈ ಕಳೆದುಕೊಂಡಿದ್ದವು. ವಯಸ್ಸಾದ ಗಂಡಸರಲ್ಲಿ ರಕ್ತಕಣಗಳೂ ಹೀಗೆ ವೈ ಕಳೆದುಕೊಳ್ಳುವುದುಂಟು, ಗೆಡ್ಡೆಗಳಲ್ಲೂ ಇದು ಹೊಸದಲ್ಲ. ಗೊತ್ತಿದ್ದ ವಿಷಯವೇ, ಹೊಳೆಯಲಿಲ್ಲ ಅಷ್ಟೆ. ಗಂಡಸರ ಗೆಡ್ಡೆಯಲ್ಲಿ ಏನು ಬೇರೆ ಅಂತ ಹುಡುಕಲು ಕೂತವನು, ಬೇರೆಯಾಗಿ ಕಂಡದ್ದನ್ನೇ ಕಸ ಅಂತ ಗುಡಿಸಿದ್ದೆ. ಮೂರು ಸ್ಯಾಂಪಲ್‌ನಿಂದ ಏನೂ ಸಾಬೀತಾಗುವುದಿಲ್ಲ ನಿಜ. ತೆಗೆದು ಹಾಕಿದ್ದನ್ನು ಹಾಗೇ ಬಿಟ್ಟಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಸ್ಕ್ರಿಪ್ಟ್‌ಗೆ ಎಕ್ಸಿಸ್ಟ್ ಸೇರಿಸಿದೆ. ಮೇಡಂಗೆ ಕ್ಷಮೆ ಕೇಳಿ ಮೇಲ್ ಹಾಕಿದೆ. ಒಂದೇ ಸಾಲಿನ ಉತ್ತರ ಬಂತು: “ಮೊದಲ ಮೇಲ್‌ಗಿದ್ದ ಸಿಸಿ ಇದಕ್ಕೆ ಯಾಕಿಲ್ಲ?”